ಅರ್ಜಿ ಬರೆದ ಕೈ

ಕೊಪ್ಪಳ,
೨೩ ನವೆಂಬರ್ ೨೦೨೫, ಭಾನುವಾರ

ಪ್ರೀತಿಯ ಗಾಳೆಪ್ಪಣ್ಣನಿಗೆ,

ನಿನ್ನ ತಮ್ಮ ಯಂಕೇಶ ಮಾಡುವ ನಮಸ್ಕಾರ. ಮೊಣಕಾಲಿನ ನೋವು ಈಗ ಹೇಗಿದೆ? ಗುಡ್ಡ ಹತ್ತುವುದು ಪರವಾಗಿಲ್ಲ, ಇಳಿಯುವಾಗಲೇ ಜೀವ ಹೋಗುತ್ತದೆ ಎಂದು ನೀನು ಫೋನಿನಲ್ಲಿ ಹೇಳಿದ ದಿನದಿಂದ ಅವ್ವ ಎಣ್ಣೆಯ ಬಾಟಲಿ ಹಿಡಿದುಕೊಂಡು ನನ್ನ ಬೆನ್ನು ಹತ್ತಿದ್ದಾಳೆ. ಅಂಚೆಯಲ್ಲಿ ಎಣ್ಣೆ ಕಳಿಸಲು ಬಿಡುವುದಿಲ್ಲ ಎಂದು ಮಗಳು ಹೇಮಾಳಿಂದ ಹೇಳಿಸಿದರೆ, “ಮಿಲಿಟ್ರಿ ಟಪಾಲಿಗೆ ಎಲ್ಲಾ ನಡೀತೈತಿ ಬಿಡು” ಎನ್ನುತ್ತಾಳೆ. ಕಣ್ಣಿನ ಪೊರೆ ತೆಗೆಸಿದ ಮೇಲೆ ಅವಳಿಗೆ ಹೊಸ ಹುರುಪು ಬಂದಿದೆ. ನನ್ನಾಕೆ ದುರ್ಗಾ ಆರಿಸಿಟ್ಟ ಅಕ್ಕಿಯಲ್ಲೇ ಮತ್ತೆ ಹರಳು ಹುಡುಕಿ, ಅಂಗೈಯಲ್ಲಿಟ್ಟುಕೊಂಡು ಮನೆಯವರಿಗೆಲ್ಲ ತೋರಿಸುತ್ತಾಳೆ. ದುರ್ಗಾಳ ಅಂಗನವಾಡಿ ಎಂದಿನಂತೆ ನಡೆದಿದೆ. ಹೇಮಾ ಒಂಬತ್ತನೆಯ ತರಗತಿಯಲ್ಲಿ ಖೋಖೋ ತಂಡಕ್ಕೆ ಆಯ್ಕೆಯಾಗಿ ಎರಡೂ ಮೊಣಕೈ ತರಚಿಸಿಕೊಂಡಿದ್ದಾಳೆ. ಅತ್ತಿಗೆ ಮತ್ತು ಮಕ್ಕಳು ದೀಪಾವಳಿಗೆ ಗಂಗಾವತಿಯಿಂದ ಬಂದು ಎರಡು ದಿನ ಇದ್ದು ಹೋದರು. ನೀನಿಲ್ಲದ ಕೊರತೆಯೊಂದು ಬಿಟ್ಟರೆ ಎಲ್ಲರೂ ಕ್ಷೇಮ.

ಇಷ್ಟು ವರ್ಷಗಳ ಮೇಲೆ ಇವನೇಕೆ ಕಾಗದ ಹಿಡಿದು ಕೂತ ಎಂದು ನಿನಗೆ ಅನ್ನಿಸಬಹುದು. ಗಂಟಲಿನ ಆಪರೇಷನ್ ಆದ ಮೇಲೆ ನಮ್ಮಿಬ್ಬರ ಮಾತುಕತೆ ಹೇಗೆ ನಡೆಯುತ್ತದೆ ನಿನಗೇ ಗೊತ್ತು. ಫೋನಿನಲ್ಲಿ ನೀನು ಮಾತಾಡುತ್ತೀ, ನಾನು ಕೇಳುತ್ತೇನೆ, ಹೇಮಾ ನನ್ನ ತುಟಿ ನೋಡಿ ನನ್ನ ಉತ್ತರ ಹೇಳುತ್ತಾಳೆ. ಈಗ ನಾನು ಹೇಳಬೇಕಾಗಿರುವುದು ಆ ಹುಡುಗಿಯ ಬಾಯಿಂದ ಹೇಳಿಸುವಂಥದ್ದಲ್ಲ. ಮೆಸೇಜಿನಲ್ಲಿ ಹಿಡಿಸುವಂಥದ್ದೂ ಅಲ್ಲ. ಪುರುಸೊತ್ತಾಗಿ ಓದು ಅಣ್ಣ. ಸಿಟ್ಟು ಬಂದರೂ ಕೊನೆಯವರೆಗೆ ಓದು.

೨೦೨೩ರ ಆಗಸ್ಟಿನಲ್ಲಿ ಹುಬ್ಬಳ್ಳಿಯಲ್ಲಿ ನನ್ನ ಧ್ವನಿಪೆಟ್ಟಿಗೆ ತೆಗೆದಾಗ ನಿನ್ನ ಕಡೆ ಗುಡ್ಡ ಕುಸಿದು ರಸ್ತೆ ಕಟ್ಟಿತ್ತು, ನಿನಗೆ ಬರಲಾಗಲಿಲ್ಲ. ದಿನಾ ಫೋನ್ ಮಾಡಿ, ಯಂಕೇಶನ ಹತ್ತಿರ ಯಾರಿದ್ದಾರೆ ಎಂದು ಕೇಳುತ್ತಿದ್ದೆ. ಶಾಲೆಯ ಮಾಸ್ತರರೆಲ್ಲ ಪಾಳಿ ಹಾಕಿಕೊಂಡು ನೋಡಿಕೊಳ್ಳುತ್ತಿದ್ದಾರೆ ಎಂದು ದುರ್ಗಾ ಹೇಳುತ್ತಿದ್ದಳು. ಅದು ಸುಳ್ಳು. ಹೇಳಿಸಿದವನು ನಾನು. ಮಾಸ್ತರರು ಒಂದು ದಿನ ಬಂದು, ಹಣ್ಣು ಕೊಟ್ಟು, ಧೈರ್ಯ ಹೇಳಿ ಹೋದರು. ಪಾಪ, ಅವರಿಗೂ ಸಂಸಾರಗಳಿವೆ. ನನ್ನ ಹಾಸಿಗೆಯ ಪಕ್ಕ ಇದ್ದವನು ಸಣ್ಣಪ್ಪ. ನಮ್ಮ ಓಣಿಯಲ್ಲಿ ಜೈನಾಬೀ ಮನೆಯ ಮುಂದಿನ ಖೋಲಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ, ಐದನೆಯ ತರಗತಿಯಿಂದ ಹತ್ತನೆಯ ತರಗತಿಯವರೆಗೆ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತ ಅದೇ ಸಣ್ಣಪ್ಪ.

ಅವನು ಓಣಿ ಬಿಟ್ಟು ಹೋದದ್ದು ಹೇಗೆಂದು ನಿನಗೆ ನೆನಪಿದೆ. ೨೦೨೨ರ ಬೇಸಿಗೆಯಲ್ಲಿ ನೀನು ರಜೆಗೆ ಬಂದಿದ್ದೆ. ಪ್ರತಿ ಭಾನುವಾರ ಅವನ ಖೋಲಿಯಲ್ಲಿ ಹತ್ತು ಹನ್ನೆರಡು ಮಂದಿ ಸೇರಿ ಯೇಸುವಿನ ಪ್ರಾರ್ಥನೆ ಮಾಡುತ್ತಿದ್ದರು, ಡೋಲಕ್ಕು ಬಾರಿಸಿ ಹಾಡುತ್ತಿದ್ದರು. ಸಣ್ಣಪ್ಪನ ಮನೆಯವರು ಆ ದಾರಿ ಹಿಡಿದು ಇಪ್ಪತ್ತು ವರ್ಷವೇ ಆಗಿತ್ತು, ಅಲ್ಲಿಯವರೆಗೆ ಯಾರಿಗೂ ಅದು ದೊಡ್ಡದಾಗಿ ಕಂಡಿರಲಿಲ್ಲ. ಆ ವರ್ಷ ಮಾತು ಬೆಳೆಯಿತು. ಹೊರಗಿನವರು ಬರುತ್ತಾರೆ, ನಾಳೆ ನಮ್ಮ ಮಕ್ಕಳನ್ನೂ ಕರೆಯುತ್ತಾರೆ ಎಂದು ಕಟ್ಟೆಯ ಮೇಲೆ ಕೂತವರು ಹೇಳತೊಡಗಿದರು. “ಓಣ್ಯಾಗ ಇಂಥಾದ್ದು ಬ್ಯಾಡ. ನೀ ಬರಿ, ಮದಲನೇ ಸಹಿ ನಾ ಹಾಕ್ತೀನಿ” ಎಂದೆ ನೀನು. ಮನೆ ಮಾಲಕಿ ಜೈನಾಬೀಗೆ ಕೊಡಲು ಅರ್ಜಿ ಬರೆದವನು ನಾನು. ಒಳ್ಳೆಯ ಅಕ್ಷರದಲ್ಲಿ, ಒಂದೂ ಅಕ್ಷರ ಹೊಡೆದುಹಾಕದೆ, ಶಾಂತಿಭಂಗ ಎಂಬ ಪದವನ್ನು ಎರಡು ಸಲ ಬಳಸಿ ಬರೆದೆ. ನೀನು ಮೊದಲು ಸಹಿ ಹಾಕಿದೆ. ನಿನ್ನ ಕೆಳಗೆ ಹದಿನೆಂಟು ಮಂದಿ ಹಾಕಿದರು. ಸರಕಾರಿ ನೌಕರ ಎಂಬ ನೆಪ ಹೇಳಿ ನಾನು ಮಾತ್ರ ಹಾಕಲಿಲ್ಲ. ಗಂಡ ಸತ್ತ ಮುದುಕಿ ಜೈನಾಬೀ ಹೆದರಿ ಖೋಲಿ ಖಾಲಿ ಮಾಡಿಸಿದಳು. ಸಣ್ಣಪ್ಪ ಹೊಲಿಗೆ ಮಷೀನು ಆಟೋಕ್ಕೆ ಹೇರಿಕೊಂಡು ಹೆಂಡತಿ ಫಕೀರಮ್ಮನ ತವರಾದ ತಳಕಲ್ಲಿಗೆ ಹೋದ. ನಾನು ಆ ದಿನ ಮನೆಯ ಬಾಗಿಲು ಹಾಕಿಕೊಂಡು ಒಳಗೆ ಉತ್ತರಪತ್ರಿಕೆ ತಿದ್ದುತ್ತಿದ್ದೆ. ನೀನು ನಿನ್ನ ಮನಸ್ಸಿಗೆ ಸರಿಕಂಡದ್ದನ್ನು ಹೆಸರು ಹಾಕಿ ಮಾಡಿದೆ. ನಾನು ಹೆಸರಿಲ್ಲದೆ ಮಾಡಿದೆ, ಅದೂ ಗೆಳೆಯನಿಗೆ.

ಆಪರೇಷನ್ನಿನ ಹಿಂದಿನ ದಿನ ವಾರ್ಡಿನಲ್ಲಿ ಗಂಡಸರ ಜೊತೆ ಗಂಡಸರೇ ಇರಬೇಕು ಎಂದಾಗ ದುರ್ಗಾ ಯಾರನ್ನೆಂದು ಕರೆಯಬೇಕು? ಹೇಮಾಳ ಯುನಿಫಾರ್ಮ್ ಹೊಲಿಸುತ್ತಿದ್ದ ಕಾಲದ ಸಣ್ಣಪ್ಪನ ನಂಬರು ಅವಳ ಫೋನಿನಲ್ಲಿತ್ತು. ನನ್ನನ್ನು ಕೇಳದೆಯೇ ಫೋನ್ ಹಚ್ಚಿದಳು. ತಳಕಲ್ಲಿನಲ್ಲಿ ಸಿಕ್ಕ ರೈಲು ಹತ್ತಿ ಮಧ್ಯಾಹ್ನದ ಹೊತ್ತಿಗೆ ಅವನು ವಾರ್ಡಿಗೆ ಬಂದ. ಕೊರಳಲ್ಲಿ ಅಳತೆಯ ಟೇಪು ಹಾಗೆಯೇ ನೇತಾಡುತ್ತಿತ್ತು. ಅದನ್ನು ತೆಗೆದಿಡಬೇಕೆಂಬ ಎಚ್ಚರವೂ ಇರಲಿಲ್ಲ ಅವನಿಗೆ. “ಲೇ ಯಂಕ್ಯಾ, ಎಷ್ಟು ಬಡಕಲಾಗೀಯೋ, ನಿನ್ನ ಅಂಗೀ ಎಲ್ಲಾ ಹಿಡದು ಹೊಲೀಬೇಕಾಕ್ಕೈತಿ” ಎಂದು ಹಾಸಿಗೆಯ ತುದಿಯಲ್ಲಿ ಕೂತ. ಆಗ ನನಗೆ ಇನ್ನೂ ಒಂದಿಷ್ಟು ಧ್ವನಿ ಉಳಿದಿತ್ತು. ಆ ಧ್ವನಿಯಲ್ಲಿ ಅರ್ಜಿಯ ವಿಷಯ ಹೇಳಬಹುದಿತ್ತು. ಹೇಳಲಿಲ್ಲ. ನೀರು ಕೊಡು ಎಂದೆ. ನನ್ನ ಸ್ವಂತ ಧ್ವನಿಯಲ್ಲಿ ನಾನು ಅವನಿಗೆ ಹೇಳಿದ ಕೊನೆಯ ಮಾತು ಅದು.

ಆಮೇಲಿನದನ್ನು ಬರೆಯಲು ಸಂಕೋಚವಾಗುತ್ತದೆ. ಕತ್ತಿನ ಬುಡದಲ್ಲಿ ಉಸಿರಾಡಲು ಮಾಡಿದ ತೂತು, ಅದರಲ್ಲಿ ಒಂದು ಕೊಳವೆ. ಅದರಲ್ಲಿ ಕಫ ಕಟ್ಟಿದರೆ ಉಸಿರು ನಿಂತಂತಾಗುತ್ತದೆ. ದಿನಕ್ಕೆ ನಾಲ್ಕೈದು ಸಲ ತೆಗೆದು ತೊಳೆಯಬೇಕು. ನರ್ಸಮ್ಮ ದುರ್ಗಾಳಿಗೆ ಕಲಿಸಲು ನೋಡಿದರು, ಅವಳು ಕಣ್ಣು ಮುಚ್ಚಿ ಹಿಂದೆ ಸರಿದಳು. ಸಣ್ಣಪ್ಪ ಪಕ್ಕದಲ್ಲಿ ನಿಂತು ನೋಡಿ, “ಕೊಡ್ರಿಲ್ಲೆ, ಸೂಜ್ಯಾಗ ದಾರ ಹಾಕೋದಕ್ಕಿಂತ ಹಗುರ ಐತಿ” ಎಂದು ತಾನೇ ಮಾಡಿದ. ಒಂದು ದಿನವೂ ಮುಖ ಕಿವುಚಲಿಲ್ಲ. ಧೂಳು ಒಳಗೆ ಹೋಗಬಾರದೆಂದು ಆ ತೂತಿನ ಮೇಲೆ ಕಟ್ಟುವ ಬಟ್ಟೆಯನ್ನು ಆಸ್ಪತ್ರೆಯವರು ಕೊಟ್ಟಿದ್ದರು, ಅದು ಕುತ್ತಿಗೆ ಕೆರೆಯುತ್ತಿತ್ತು. ಅವನು ಮೆತ್ತಗಿನ ಬಟ್ಟೆ ತಂದು, ನನ್ನ ಅಂಗಿಗಳ ಬಣ್ಣಕ್ಕೆ ಒಪ್ಪುವ ಹಾಗೆ ಹನ್ನೆರಡು ಪಟ್ಟಿ ಹೊಲಿದು ಕೊಟ್ಟ. ಹೋದ ವರ್ಷ ನೀನು ಬಂದಾಗ, ಇದನ್ನು ಯಾವ ಅಂಗಡಿಯಲ್ಲಿ ತಂದಿರಿ, ಭಾಳ ಛಲೋ ಐತಿ ಎಂದಿದ್ದೆಯಲ್ಲ, ಅದು ಅವನ ಕೈಕೆಲಸ.

ಅಕ್ಟೋಬರಿನಿಂದ ಆರು ವಾರ ಕ್ಯಾನ್ಸರಿಗೆ ಕರೆಂಟು, ಅಂದರೆ ರೇಡಿಯೇಷನ್, ಕೊಡಿಸುವುದಿತ್ತು, ವಾರಕ್ಕೆ ಐದು ದಿನ. ದುರ್ಗಾ ಅಂಗನವಾಡಿ, ಅವ್ವ, ಹೇಮಾ ಎಲ್ಲ ಬಿಟ್ಟು ಹುಬ್ಬಳ್ಳಿಯಲ್ಲಿ ಇರುವ ಹಾಗಿರಲಿಲ್ಲ. ಸಣ್ಣಪ್ಪ ಆಸ್ಪತ್ರೆಯ ಹಿಂದೆ ಒಂದು ಖೋಲಿ ಹಿಡಿದು ಸೋಮವಾರದಿಂದ ಶುಕ್ರವಾರದವರೆಗೆ ನನ್ನ ಜೊತೆ ಇದ್ದ. ಅಂಗಡಿ ಮುಚ್ಚಬಾರದೆಂದು ಫಕೀರಮ್ಮ ತಾನೇ ಮಷೀನು ತುಳಿದಳು. ಮೂರನೆಯ ವಾರ ನನ್ನ ಗಂಟಲೆಲ್ಲ ಸುಟ್ಟು, ಮೂಗಿನ ನಳಿಗೆಯಲ್ಲಿ ಗಂಜಿ ಹಾಕಿಸಿಕೊಳ್ಳುತ್ತ, ಬದುಕು ಸಾಕಾಯಿತು ಅಣ್ಣ. ಮಾತಿನ ಮೇಲೆ ಬದುಕಿದ ಮಾಸ್ತರ ನಾನು. ಒಂದು ಮುಂಜಾನೆ, ಮಾತಿಗೆ ಬದಲಾಗಿ ಇಟ್ಟುಕೊಂಡಿದ್ದ ಸ್ಲೇಟು ಪಾಟಿಯ ಮೇಲೆ, ನನಗೆ ಬದುಕುವ ಇಚ್ಛೆ ಇಲ್ಲ, ಊರಿಗೆ ಕರೆದುಕೊಂಡು ಹೋಗಿಬಿಡು ಎಂದು ಬರೆದು ಕೊಟ್ಟೆ. ಅವನು ಓದಿದ. ಆಮೇಲೆ ಪಾಟಿ ನನ್ನ ಕೈಗೇ ಕೊಟ್ಟು, “ಇಚ್ಛೆ ಅನ್ನೂದಕ್ಕ ಛಕಾರದ ಒತ್ತು ಬಿಟ್ಟೀಯಲ್ಲೋ ಮಾಸ್ತರ. ತಿದ್ದಿ ಕೊಡು, ಆಮ್ಯಾಲ ವಿಚಾರ ಮಾಡೂಣು” ಎಂದ. ನೋಡಿದೆ, ನಿಜವಾಗಿಯೂ ಬಿಟ್ಟಿದ್ದೆ. ಇಪ್ಪತ್ತು ವರ್ಷ ಮಕ್ಕಳ ಒತ್ತಕ್ಷರ ತಿದ್ದಿದವನು ನಾನು. ಸದ್ದಿಲ್ಲದೆ ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವನೂ ನಕ್ಕ, ನಗುನಗುತ್ತಲೇ ಅತ್ತ. ಆ ದಿನವೂ ಕರೆಂಟು ಕೊಡಿಸಿಕೊಳ್ಳಲು ನಡೆದೆ.

ಸರದಿಗಾಗಿ ಕಾಯುವಾಗ ಅವನು ಒಂದು ಸಣ್ಣ ಪುಸ್ತಕ ತೆಗೆದು ತನ್ನಷ್ಟಕ್ಕೆ ಓದುತ್ತಿದ್ದ. ನನಗೆ ಓದಿ ಹೇಳಿದವನಲ್ಲ, ಕೈಗೆ ಕೊಟ್ಟವನಲ್ಲ. ನನಗೇ ಕುತೂಹಲವಾಗಿ, ಏನಿದೆ ಅದರಲ್ಲಿ, ಜೋರಾಗಿ ಓದು ಎಂದು ಬರೆದೆ. “ಬ್ಯಾಸರ ಕಳಿಯಾಕಾದ್ರ ಓದ್ತೀನಿ” ಎಂದು ಶುರು ಮಾಡಿದ. ಕಾಲು ಬಿದ್ದುಹೋದ ಒಬ್ಬ ಮನುಷ್ಯನನ್ನು ನಾಲ್ಕು ಮಂದಿ ಹಾಸಿಗೆ ಸಮೇತ ಹೊತ್ತು ತಂದದ್ದು, ಜನ ದಾರಿ ಬಿಡದಿದ್ದಾಗ ಮಾಳಿಗೆ ಕಿತ್ತು ಯೇಸುವಿನ ಮುಂದೆ ಇಳಿಬಿಟ್ಟದ್ದು, ಅವನು ಎದ್ದು ನಡೆದದ್ದು. ಮಾಳಿಗೆ ಕಿತ್ತರೆ ಮನೆಯ ಯಜಮಾನ ಸುಮ್ಮನಿದ್ದನೇ ಎಂದು ಬರೆದೆ. “ಅದ ನನಗೂ ತಿಳಿವಲ್ದು” ಎಂದ. ಆ ರೋಗಿಗೆ ನಂಬಿಕೆ ಇತ್ತೇನು ಎಂದು ಕೇಳಿದೆ. ಅವನು ಪುಟದ ಮೇಲೆ ಬೆರಳಿಟ್ಟು ಇನ್ನೊಮ್ಮೆ ನೋಡಿ, “ಅದನ್ನ ಬರದಿಲ್ಲ ನೋಡು. ಹೊತಗೊಂಡು ಬಂದವ್ರಿಗಿತ್ತು ಅಂತ ಬರದೈತಿ” ಎಂದ. ಅಣ್ಣ, ಆ ಮಾತು ನನ್ನನ್ನು ಬಿಡಲಿಲ್ಲ. ನನ್ನನ್ನು ಹೊತ್ತುಕೊಂಡು ಬಂದವನು ಎದುರಿಗೇ ಕೂತಿದ್ದ, ನಾನು ಅವನ ಬೆನ್ನ ಹಿಂದೆ ಮಾಡಿದ್ದು ನನ್ನ ಹೊಟ್ಟೆಯಲ್ಲಿತ್ತು.

ನಾಲ್ಕನೆಯ ವಾರ, ಸರದಿ ಕಾಯುವ ಬೆಂಚಿನ ಮೇಲೆ ಪಾಟಿಯಲ್ಲಿ ಬರೆದೆ: ಆ ಅರ್ಜಿ ಬರೆದವನು ನಾನು. ಅವನು ಓದಿ, ಪುಸ್ತಕ ಮುಚ್ಚಿ ಜೇಬಿಗೆ ಇಟ್ಟುಕೊಂಡ. “ಗೊತ್ತೈತಲೇ. ಜೈನಾಬೀ ಅವತ್ತ ತೋರಿಸಿದ್ಲು. ಐದನೇತ್ತಿಯಿಂದ ನಿನ್ನ ನೋಟಬುಕ್ ನೋಡಿ ನಕಲು ಹೊಡದಾವ ನಾ. ನಿನ್ನ ಅಕ್ಷರ ನನಗ ಗುರುತು ಸಿಗಂಗಿಲ್ಲೇನು?” ಮತ್ತೇಕೆ ಬಂದೆ ಎಂದು ಬರೆದೆ. ಅವನು ಹೇಳಿದ್ದನ್ನು ನನಗೆ ನೆನಪಿರುವಷ್ಟು ಹಾಗೆಯೇ ಬರೆಯುತ್ತೇನೆ. “ಸಿಟ್ಟು ಬಂದಿಲ್ಲಂತ ಸುಳ್ಳು ಹೇಳಂಗಿಲ್ಲ. ಭಾಳ ಬಂದಿತ್ತು. ಫಕೀರಮ್ಮ ಸಾಮಾನು ಕಟ್ಟೂಮುಂದ ಅತ್ತಿದ್ದು ನೆನಪಾದ್ರ ಈಗೂ ಬರತೈತಿ. ನಿನ್ನ ಸಲುವಾಗಿ ಪ್ರಾರ್ಥನಾ ಮಾಡಾಕ ಕುಂತ್ರ ಬರೇ ನಿನ್ನ ಹೆಸರು ಬರತಿತ್ತು, ಮುಂದ ಮಾತ ಬರತಿರಲಿಲ್ಲ. ಒಂದು ವರ್ಷ ಹಂಗ ಆತು. ದುರ್ಗಕ್ಕನ ಫೋನ್ ಬಂದಾಗ, ಮಾತು ಬ್ಯಾಡ, ಹೋಗಿ ಕೈ ಹಚ್ಚು ಅಂತ ದೇವರು ಹೇಳಿದಂಗಾತು. ಬಂದೆ.” ಕ್ಷಮಿಸಿದ್ದೀಯೇನು ಎಂದು ಕೇಳಿದೆ. “ದಿನಾ ಮುಂಜಾನೆ ಕ್ಷಮಿಸ್ತೀನಿ. ಸಂಜೀಕ ಒಂಚೂರು ಉಳದಿರತೈತಿ. ಮರುದಿನ ಮತ್ತ ಮಾಡ್ತೀನಿ” ಎಂದ. ಅಷ್ಟರಲ್ಲಿ ನನ್ನ ಹೆಸರು ಕೂಗಿದರು. ಅವನು ನನ್ನ ಹೆಗಲ ಮೇಲಿನ ಟವೆಲು ಸರಿಮಾಡಿ ಒಳಗೆ ಕಳಿಸಿದ.

ಇಷ್ಟಾದರೂ ನನ್ನ ಹೇಡಿತನ ಮುಗಿದಿರಲಿಲ್ಲ. ಹೋದ ವರ್ಷ ನೀನು ಹತ್ತು ದಿನದ ರಜೆಗೆ ಬಂದೆಯಲ್ಲ, ಆಗ ಅವನಿಗೆ ಈ ಕಡೆ ಬರಬೇಡ ಎಂದು ಮೆಸೇಜು ಕಳಿಸಿದೆ. ಅವನು ಸರಿ ಎಂದ, ಬರಲಿಲ್ಲ. ನೀನು ಹೋದ ಮೇಲೆ ಮತ್ತೆ ಬಂದ, ಅದರ ಬಗ್ಗೆ ಒಂದು ಮಾತೂ ಎತ್ತಲಿಲ್ಲ. ಅವ್ವನೇ ನನಗೆ, “ಹಡದಿದ್ದು ಇಬ್ರನ್ನ, ಜ್ವಾಪಾನ ಮಾಡಿದ್ದು ಮೂರನೇದಾವ. ಅವನ್ನ ಮುಚ್ಚಿಡತೀಯಲ್ಲ, ನಾಚಿಕೀ ಬರೂದಿಲ್ಲೇನು?” ಎಂದು ಬೈದಳು. ನಿನ್ನನ್ನು ಚುಚ್ಚಲು ಆಡಿದ ಮಾತಲ್ಲ ಅದು, ತಪ್ಪು ತಿಳಿಯಬೇಡ. ನಮ್ಮನ್ನು ಬೆಳೆಸಲೆಂದೇ ಹತ್ತೊಂಬತ್ತಕ್ಕೆ ಮನೆ ಬಿಟ್ಟು ಮಿಲಿಟರಿ ಸೇರಿದವನು ನೀನೆಂದು ಅವಳಿಗೂ ಗೊತ್ತು, ನನಗೂ ಗೊತ್ತು.

ಅದರ ಮುಂದಿನ ಭಾನುವಾರ ನಾನೇ ರೈಲು ಹತ್ತಿ ತಳಕಲ್ಲಿಗೆ ಹೋದೆ. ತಗಡಿನ ಒಂದು ಖೋಲಿ, ಕೆಳಗೆ ಚಾಪೆ, ಹದಿನೈದು ಮಂದಿ ಇರಬಹುದು, ಹೆಚ್ಚಿನವರು ಕೂಲಿಯವರು. ನಮ್ಮ ಓಣಿಯಲ್ಲಿ ಸೇರುತ್ತಿದ್ದವರೂ ಇದ್ದರು. ನನಗೆ ಬಾಗಿಲಲ್ಲೇ ಕಾಲು ನಿಂತಿತು. ಫಕೀರಮ್ಮ ಎದ್ದು ಬಂದು, “ಒಳಗ ಬರ್ರಿ ಮಾಸ್ತರ. ನೀವು ಹೊಸಬರಿರಬೌದು, ನಿಮ್ಮ ಹೆಸರು ಇಲ್ಲಿ ಹಳೇದೈತ್ರಿ” ಎಂದಳು. ನಾನು ಹಾಸಿಗೆ ಹಿಡಿದ ದಿನದಿಂದ ಪ್ರತಿ ವಾರ ಅವರೆಲ್ಲ ನನ್ನ ಹೆಸರು ಹೇಳಿ ಪ್ರಾರ್ಥನೆ ಮಾಡುತ್ತಿದ್ದರಂತೆ. ಹಾಡುವಾಗ ನನಗೇನೂ ಮಾಡಲು ಬರದು ಎಂದು ತಲೆ ತಗ್ಗಿಸಿ ಕೂತಿದ್ದೆ. ಒಬ್ಬ ಅಜ್ಜಿ ತನ್ನ ತಾಳಗಳನ್ನು ನನ್ನ ಕೈಗೆ ತುರುಕಿದಳು. ಬಾರಿಸಿದೆ, ತಪ್ಪು ತಪ್ಪಾಗಿ. ಯಾರೂ ತಿದ್ದಲಿಲ್ಲ.

ಅಂದಿನಿಂದ ಹೋಗುತ್ತಿದ್ದೇನೆ. ಮೊದಮೊದಲು ಸಣ್ಣಪ್ಪನಿಗಾಗಿ ಹೋದೆ, ಅದು ನಿಜ. ಮುಂದೆ ಅವನ ಪುಸ್ತಕ ನಾನೇ ಕೊಂಡು ಓದಿದೆ, ಜಗಳವಾಡಿಕೊಂಡೇ ಓದಿದೆ, ಅರ್ಥವಾಗದ್ದಕ್ಕೆ ಪೆನ್ಸಿಲ್ ಗುರುತು ಹಾಕಿದೆ. ನನ್ನ ವಿರುದ್ಧ ಅರ್ಜಿ ಬರೆದವನ ಕೊಳವೆ ತೊಳೆಯುವ ಶಕ್ತಿ ನನ್ನಲ್ಲಿಲ್ಲ ಅಣ್ಣ. ಅದು ಸಣ್ಣಪ್ಪನಲ್ಲೂ ಇರಲಿಲ್ಲ, ಅವನೇ ಒಪ್ಪಿಕೊಂಡ. ಅದು ಎಲ್ಲಿಂದ ಬಂತೋ ಅದನ್ನು ಹುಡುಕುತ್ತ ಹೋದವನಿಗೆ ಯೇಸು ಸಿಕ್ಕ. ತನ್ನನ್ನು ಹೊಡೆದವರಿಗಾಗಿ ಬೇಡಿಕೊಂಡವನು. ಅವನ ಮುಂದೆ ಕೂತಾಗ ನನಗೆ ಧ್ವನಿ ಬೇಕಾಗುವುದಿಲ್ಲ. ಈ ವರ್ಷ ಯುಗಾದಿಯ ಹೊತ್ತಿಗೆ, ನನಗೆ ದೀಕ್ಷಾಸ್ನಾನ ಕೊಡಿಸು ಎಂದು ಸಣ್ಣಪ್ಪನಿಗೆ ಬರೆದು ಕೊಟ್ಟೆ. ಅವನು ಕುಣಿಯುತ್ತಾನೆಂದುಕೊಂಡಿದ್ದೆ. ಅವನ ಮುಖ ಸಣ್ಣಗಾಯಿತು. “ನನ್ನ ಉಪಕಾರಕ್ಕ ಬರಬ್ಯಾಡೋ ಯಂಕ್ಯಾ. ಹಂಗಾದ್ರ ನಾ ಮಾಡಿದ್ದೆಲ್ಲಾ ನಿನ್ನ ಹಿಡಿಯಾಕ ಬಲೆ ಬೀಸಿದಂಗಾಕ್ಕೈತಿ. ನೀ ಬಂದ್ರೂ ಗೆಳ್ಯಾ, ಬರದಿದ್ರೂ ಗೆಳ್ಯಾ. ಆರು ತಿಂಗಳು ಬಿಟ್ಟು ಕೇಳು” ಎಂದ. ಆರು ತಿಂಗಳು ಬಿಟ್ಟು ಕೇಳಿದೆ. ಆಗ ಕುಣಿದ.

ದುರ್ಗಾ ನನ್ನ ಜೊತೆ ಬರುವುದಿಲ್ಲ. ದೇವರ ಮುಂದೆ ದೀಪ ಹಚ್ಚುವುದನ್ನು ಬಿಟ್ಟಿಲ್ಲ, ನಾನು ಬಿಡು ಎಂದೂ ಇಲ್ಲ. “ಎಲ್ಲಿಗೆ ಬೇಕಾದ್ರೂ ಹೋಗ್ರಿ, ಮದಲಿನಂಗ ಸಿಟ್ಟಿಗೆದ್ದು ಪ್ಲೇಟು ಒಗಿಯೋದು ಬಿಟ್ಟೀರಿ, ನನಗಷ್ಟು ಸಾಕು” ಎನ್ನುತ್ತಾಳೆ. ಅವ್ವ ಸಣ್ಣಪ್ಪನ ಪ್ರಾರ್ಥನೆಗೂ ಕೈ ಮುಗಿಯುತ್ತಾಳೆ, ತನ್ನ ದುರಗಮ್ಮನಿಗೂ ಮುಗಿಯುತ್ತಾಳೆ. ನಮ್ಮ ಅಡುಗೆಮನೆ ಎರಡಾಗಿಲ್ಲ. ಆಗುವುದೂ ಇಲ್ಲ.

ಹೋದ ತಿಂಗಳು ಇನ್ನೊಂದು ಕೆಲಸ ಮಾಡಿದೆ. ಹೊಸದೊಂದು ಅರ್ಜಿ ಬರೆದೆ, ಸಣ್ಣಪ್ಪನಿಗೆ ಖೋಲಿ ಮತ್ತೆ ಬಾಡಿಗೆಗೆ ಕೊಡಬೇಕು, ಅವನಿಂದ ಓಣಿಗೆ ಯಾವ ತೊಂದರೆಯೂ ಆಗಿರಲಿಲ್ಲ ಎಂದು. ಪಾಟಿ ಹಿಡಿದು ಮನೆಮನೆಗೆ ಹೋದೆ. ಕೆಲವರು ಬಾಗಿಲು ತೆರೆಯಲಿಲ್ಲ. ಒಬ್ಬರು ಮುಖದ ಮೇಲೆ ಬೈದರು, ತಿರುಗಿ ಬೈಯಲು ನನಗೆ ಬಾಯಿಯೇ ಇಲ್ಲವಲ್ಲ, ಕೇಳಿಕೊಂಡು ಬಂದೆ. ಮೊದಲಿನ ಹದಿನೆಂಟರಲ್ಲಿ ಹನ್ನೊಂದು ಮಂದಿ ಸಹಿ ಹಾಕಿದರು. ಜೈನಾಬೀ ಕನ್ನಡಕ ಏರಿಸಿಕೊಂಡು ಎರಡೂ ಕಾಗದಗಳನ್ನು ಪಕ್ಕಪಕ್ಕ ಇಟ್ಟು ನೋಡಿದಳು. ಹಳೆಯದನ್ನು ಟ್ರಂಕಿನಲ್ಲಿ ಕಾಪಾಡಿ ಇಟ್ಟಿದ್ದಾಳೆ. “ಮಾಸ್ತರ, ಅದನ್ನ ಬರದಾವ್ರೂ ನೀವ, ಇದನ್ನ ಬರದಾವ್ರೂ ನೀವ. ನಾ ಯಾವುದು ಖರೆ ಅಂತ ತಿಳಕೊಳ್ಳಲಿ?” ಎಂದಳು. ಅದಕ್ಕೆ ನಾನು ಸಹಿ ಹಾಕಿರಲಿಲ್ಲ, ಇದಕ್ಕೆ ಹಾಕಿದ್ದೇನೆ ಎಂದು ಬರೆದು ತೋರಿಸಿದೆ. ಮುದುಕಿ ಒಳಗೆ ಹೋಗಿ ಚಹಾ ತಂದಳು.

ನೀನು ಜನವರಿ ಎಂಟಕ್ಕೆ ಬರುತ್ತೀ ಎಂದಿದ್ದೀ. ನನ್ನ ದೀಕ್ಷಾಸ್ನಾನವನ್ನು ಹನ್ನೊಂದನೆಯ ತಾರೀಖು ಭಾನುವಾರ ಇಟ್ಟುಕೊಂಡಿದ್ದೇನೆ, ನಿನ್ನ ಬೆನ್ನ ಹಿಂದೆ ಮಾಡಬಾರದೆಂದೇ. ಎಲ್ಲರಂತೆ ಹೊಳೆಯಲ್ಲಿ ಮುಳುಗುವ ಹಾಗಿಲ್ಲ, ಕತ್ತಿನ ತೂತಿಗೆ ನೀರು ಹೋದರೆ ಉಸಿರೇ ಹೋದೀತು. ಪಾಸ್ಟರು ತಲೆಯ ಮೇಲೆ ಒಂದು ತಂಬಿಗೆ ನೀರು ಹಾಕುತ್ತಾರೆ, ಸಣ್ಣಪ್ಪ ಕತ್ತಿಗೆ ಕೈ ಅಡ್ಡ ಹಿಡಿದಿರುತ್ತಾನೆ. ಯಾರೂ ನನಗೆ ಏನೂ ಕೊಟ್ಟಿಲ್ಲ, ಯಾರೂ ಒತ್ತಾಯಿಸಿಲ್ಲ. ನಿನಗೆ ನೋವಾಗುತ್ತದೆ, ಗೊತ್ತು. ನಿನ್ನ ತಮ್ಮನಾಗಿಯೇ ಇರುತ್ತೇನೆ. ನೀನು ಇಟ್ಟ ಪ್ರೀತಿಯ ಮೇಲೆ ನಿಂತೇ ಇಷ್ಟು ಬರೆಯುವ ಧೈರ್ಯ ಬಂತು.

ಮೊಣಕಾಲಿಗೆ ಬಿಸಿ ಕಾಸಿಕೊ. ಚಳಿಯಲ್ಲಿ ಒದ್ದೆ ಕಾಲುಚೀಲ ಹಾಕಿಕೊಂಡು ತಿರುಗಬೇಡ. ಅವ್ವ ಎರಡೂ ಕೈಯೆತ್ತಿ ಹರಸಿದ್ದಾಳೆ, ದುರ್ಗಾ ನಮಸ್ಕಾರ ಹೇಳಿದ್ದಾಳೆ, ಹೇಮಾ ತನ್ನ ಖೋಖೋ ಫೋಟೋ ಇದರಲ್ಲಿ ಇಟ್ಟಿದ್ದಾಳೆ. ದೇವರು ನಿನ್ನನ್ನು ಆ ಗುಡ್ಡಗಳಲ್ಲಿ ಕಾಯಲಿ.

ಎಂದೆಂದೂ ನಿನ್ನ ತಮ್ಮ,
ಯಂಕೇಶ

ತಾ.ಕ.: ಅಂಚೆಗೆ ಹಾಕಲು ಹೊರಟವನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಜೈನಾಬೀ ಈಗಷ್ಟೇ ಬಂದಿದ್ದಳು. ಸಂಕ್ರಾಂತಿಗೆ ಖೋಲಿಯ ಕೀಲಿ ಕೊಡಲು ಒಪ್ಪಿದ್ದಾಳೆ, ಒಂದೇ ಮಾತು: “ಮದಲನೇ ಸಹಿ ಹಾಕಿದವ್ರು ನಿಮ್ಮಣ್ಣಾರು. ಅವ್ರು ಹೂಂ ಅಂದ್ರ ನನಗ ಯಾರ ಅಂಜಿಕೀನೂ ಇಲ್ರಿ.” ಹೊಸ ಅರ್ಜಿಯಲ್ಲಿ ನನ್ನ ಸಹಿ ಎರಡನೆಯ ಸಾಲಿನಲ್ಲಿದೆ. ಮೊದಲನೆಯ ಸಾಲು ಖಾಲಿ ಬಿಟ್ಟಿದ್ದೇನೆ. ನೀನು ಬಂದು ಓದು, ಸಣ್ಣಪ್ಪನನ್ನು ಕಣ್ಣಾರೆ ನೋಡು, ಆಮೇಲೆ ನಿನ್ನ ಮನಸ್ಸಿಗೆ ಬಂದಂತೆ ಮಾಡು. ಎಂಟರಂದು ಸ್ಟೇಷನ್ನಿಗೆ ನಾವಿಬ್ಬರೂ ಬರುತ್ತೇವೆ. ನೀನು ಸಹಿ ಹಾಕುವುದಿಲ್ಲ ಎಂದರೂ ಬರುತ್ತೇವೆ. ನಿನ್ನ ಟ್ರಂಕು ತಾನೇ ಹೊರುತ್ತೇನೆ ಎಂದು ಸಣ್ಣಪ್ಪ ಈಗಲೇ ಹೇಳಿದ್ದಾನೆ.